ಒಂದು ಮನೆ, ಏಳು ಆ್ಯಪ್: ಹೊಂಗನೂರಿನ ಗೃಹಸ್ಥರಿಗೆ ಕೈಪಿಡಿ

ಮನೆ ಕಟ್ಟಿ ಮುಗಿಯುವವರೆಗೆ ಸ್ಮಾರ್ಟ್ ಹೋಮಿನ ಮಾತೆತ್ತಬೇಡಿ. ಪ್ಲಾಸ್ಟರ್ ಆಗಲಿ, ಪುಟ್ಟಿ ಬಳಿಯಲಿ, ಬಣ್ಣ ಒಣಗಲಿ, ಗೃಹಪ್ರವೇಶದ ಕಾರ್ಡು ಅಚ್ಚಿಗೆ ಹೋಗಲಿ. ಆಮೇಲೆ ಎಲೆಕ್ಟ್ರಿಷಿಯನ್ನನ್ನು ಕರೆಸಿ, "ಎಲ್ಲಾ ಫೋನಲ್ಲೇ ಆನ್ ಆಫ್ ಆಗ್ಬೇಕು ಕಣಪ್ಪ" ಎಂದು ಹೇಳಿ. ಸ್ವಿಚ್ ಬೋರ್ಡಿನೊಳಕ್ಕೆ ನ್ಯೂಟ್ರಲ್ ವೈರು ಎಳೆದಿಲ್ಲ ಎನ್ನುವುದು ಅವನಿಗೆ ಆಗ ನೆನಪಾಗುತ್ತದೆ. ಬಹುಪಾಲು ಸ್ಮಾರ್ಟ್ ಸ್ವಿಚ್ಚುಗಳಿಗೆ ಆ ವೈರು ಬೇಕೇ ಬೇಕು. ದೀಪ ಆರಿದ್ದಾಗಲೂ ಸ್ವಿಚ್ಚಿನೊಳಗಿನ ರೇಡಿಯೊ ಎಚ್ಚರವಾಗಿರಬೇಕಲ್ಲ. ಈಗ ಹೊಸ ಬಣ್ಣದ ಗೋಡೆಯನ್ನು ಕೊರೆಸಿ. ಕೊರೆಯದ ಗೋಡೆಯ ಮನೆ ಸ್ಮಾರ್ಟ್ ಆಗಿದೆ ಎಂದರೆ ನೆಂಟರು ನಂಬುವುದಿಲ್ಲ.

ಹೊಂಗನೂರಿನ ಅನುಕೂಲಸ್ಥ ಮನೆಯೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕೈಪಿಡಿ ಬರೆದಿದೆ: ಮುಂದೆ ಆರ್‌ಸಿಸಿ ಮನೆ, ಹಿಂದೆ ರೇಷ್ಮೆಯ ಹುಳುಮನೆ, ಪಕ್ಕದಲ್ಲಿ ಕೊಟ್ಟಿಗೆ, ತೋಟದಲ್ಲಿ ಬೋರ್‌ವೆಲ್, ಬೆಂಗಳೂರಿನಲ್ಲಿ ಮಗ. ಚನ್ನಪಟ್ಟಣ ತಾಲ್ಲೂಕಿನ ಉಳಿದ ಊರಿನವರೂ ಧಾರಾಳವಾಗಿ ಬಳಸಿಕೊಳ್ಳಿ. ಮಾಗಡಿ, ಕನಕಪುರದವರು ಸಂಕೋಚ ಪಡಬೇಡಿ. ಸೋಲುವುದಕ್ಕೆ ತಾಲ್ಲೂಕಿನ ಗಡಿ ಇಲ್ಲ.

ಕೊಳ್ಳುವಾಗ ನಿಯಮ ಒಂದೇ. ಯಾವ ಎರಡು ಸಾಮಾನೂ ಒಂದೇ ಕಂಪನಿಯದಾಗಿರಬಾರದು. ಬಲ್ಬುಗಳನ್ನು ದಸರಾ ಆಫರಿನಲ್ಲಿ ಆನ್‌ಲೈನಿನಿಂದ ತರಿಸಿ. ಗೇಟಿನ ಮೋಟರನ್ನು ಮಗನ ಸ್ನೇಹಿತನ ಅಂಗಡಿಯಿಂದ ತನ್ನಿ. ಕ್ಯಾಮೆರಾಗಳಿಗೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ, ಚೌಕಾಸಿ ಮಾಡಿ. ಬಿಲ್ಲು ಕೇಳಬೇಡಿ, ಕೇಳಿದರೆ ರೇಟು ಏರುತ್ತದೆ. ಫ್ಯಾನಿನ ಆಯ್ಕೆ ಅಳಿಯಂದಿರಿಗೆ ಬಿಡಿ, ಇಲ್ಲದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ. ಡಬ್ಬದ ಮೇಲೆ, ಅದರೊಡನೆಯೂ ಕೆಲಸ ಮಾಡುತ್ತದೆ, ಇದರೊಡನೆಯೂ ಕೆಲಸ ಮಾಡುತ್ತದೆ ಎಂದು ಮೂರು ನಾಲ್ಕು ಲಾಂಛನ ಅಚ್ಚಾಗಿರುತ್ತವೆ. ನೋಡಿ ಸಮಾಧಾನಪಟ್ಟುಕೊಳ್ಳಿ. ಎಷ್ಟು ಕೆಲಸ ಎಂದು ಮಾತ್ರ ವಿಚಾರಿಸಬೇಡಿ. ಆನ್ ಮಾಡುವುದು, ಆಫ್ ಮಾಡುವುದು, ಇವೆರಡನ್ನು ಹೊರಗಿನವರಿಗೆ ಬಿಟ್ಟುಕೊಟ್ಟು ಉಳಿದ ಒಳ್ಳೆಯ ಗುಣಗಳನ್ನೆಲ್ಲ ಕಂಪನಿ ತನ್ನ ಸ್ವಂತ ಆ್ಯಪಿನಲ್ಲೇ ಬಚ್ಚಿಟ್ಟುಕೊಂಡಿರುತ್ತದೆ. ಫ್ಯಾನು ನಾಲ್ಕರಿಂದ ಎರಡಕ್ಕೆ ಇಳಿಯಬೇಕಾದರೆ ಅಳಿಯಂದಿರ ಫೋನೇ ಬೇಕು.

ಅಮೆರಿಕದಲ್ಲಿ ನೆಂಟರಿದ್ದರೆ ನಿಮ್ಮ ಅದೃಷ್ಟ. ರಜೆಗೆ ಬರುವಾಗ ಜೀ-ವೇವ್ ಎಂಬ ರೇಡಿಯೊದಲ್ಲಿ ಮಾತನಾಡುವ ಒಂದೆರಡು ಸಾಧನ ತರಲು ಹೇಳಿ. ಅಲ್ಲಿನ ಜೀ-ವೇವ್ ಮಾತನಾಡುವುದು 908.4 ಮೆಗಾಹರ್ಟ್ಸ್‌ನಲ್ಲಿ, ಭಾರತದ್ದು 865.2ರಲ್ಲಿ. ಪಕ್ಕಪಕ್ಕ ಕೂರಿಸಿದರೂ ಒಂದರ ದನಿ ಇನ್ನೊಂದಕ್ಕೆ ಕೇಳುವುದಿಲ್ಲ. ಆದರೆ ಈ ಸಮಸ್ಯೆ ಹೆಚ್ಚು ದಿನ ಕಾಡುವುದಿಲ್ಲ. ಅಲ್ಲಿನ ಪ್ಲಗ್ಗಿಗೆ 120 ವೋಲ್ಟ್ ಅಭ್ಯಾಸ, ನಿಮ್ಮ ಗೋಡೆಯಲ್ಲಿರುವುದು 230. ಪಿನ್ ಬದಲಾಯಿಸುವ ಅಡಾಪ್ಟರನ್ನು ಚನ್ನಪಟ್ಟಣದ ಯಾವುದಾದರೂ ಅಂಗಡಿಯಿಂದ ತಂದು ಚುಚ್ಚಿ, ಸ್ವಿಚ್ ಹಾಕಿ, ಎರಡು ಹೆಜ್ಜೆ ಹಿಂದೆ ನಿಲ್ಲಿ.

ಇನ್ನು ರೇಡಿಯೊ ವಿಷಯ. ಜಿಗ್‌ಬೀ, ವೈಫೈ, ಬ್ಲೂಟೂತ್, ಥ್ರೆಡ್, ಈ ನಾಲ್ಕೂ 2.4 ಗಿಗಾಹರ್ಟ್ಸ್‌ನ ಒಂದೇ ಹಾದಿಯಲ್ಲಿ ನಡೆಯುತ್ತವೆ. ಮೈಕ್ರೋವೇವ್ ಒಲೆ ಕೂಡ ಅದೇ ಹಾದಿಯಲ್ಲಿ ಗದ್ದಲ ಎಬ್ಬಿಸುತ್ತದೆ. ತಿಳಿದವರು ಜಿಗ್‌ಬೀ ಹಬ್ಬನ್ನು ರೂಟರಿನಿಂದ ಒಂದೆರಡು ಮೀಟರ್ ದೂರ ಇಡುತ್ತಾರೆ, ವೈಫೈ ಒಂದನೇ ಚಾನೆಲ್ಲಿನಲ್ಲಿದ್ದರೆ ಜಿಗ್‌ಬೀಯನ್ನು ಮೇಲಿನ ಚಾನೆಲ್ಲಿಗೆ ಸರಿಸುತ್ತಾರೆ. ನೀವು ಹಾಗೆ ಮಾಡಬೇಡಿ. ರೂಟರು, ಹಬ್ಬು, ಮೈಕ್ರೋವೇವ್ ಮೂರನ್ನೂ ಒಂದರ ಮೇಲೊಂದು ಪೇರಿಸಿ. ಮಕ್ಕಳ ಕೈಗೆ ಸಿಗುತ್ತದೆ ಎಂಬ ಭಯವಿದ್ದರೆ ರೂಟರನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿ. ರೇಷ್ಮೆ ಸೀರೆ, ಪಹಣಿ, ವೈಫೈ, ಎಲ್ಲವೂ ಒಂದೇ ಕಡೆ ಭದ್ರ. ಹುಳುಮನೆಗೆ ಸಿಗ್ನಲ್ ತಲುಪುವುದಿಲ್ಲವೆಂದರೆ ಬೀರುವಿನ ಬಾಗಿಲನ್ನು ಅರ್ಧ ತೆರೆದಿಡಿ. ಹೆಚ್ಚು ತೆರೆಯಬೇಡಿ, ಕಳ್ಳಕಾಕರ ಕಾಲ.

ಎರಡು ತರಂಗಾಂತರದ ರೂಟರಾದರೆ ಎರಡಕ್ಕೂ ಒಂದೇ ಹೆಸರಿಡಿ. ಬಲ್ಬಿಗೆ 2.4 ಮಾತ್ರ ಬರುತ್ತದೆ, ನಿಮ್ಮ ಫೋನು 5ಕ್ಕೆ ಹೋಗಿ ಅಂಟಿಕೊಂಡಿರುತ್ತದೆ, ಬಲ್ಬನ್ನು ಸೇರಿಸಲು ಹೊರಟಾಗ ಎರಡಕ್ಕೂ ಮುಖಾಮುಖಿ ಆಗುವುದಿಲ್ಲ. ಆಗ ಫೋನು ಹಿಡಿದು ಗದ್ದೆ ಕಡೆಗೆ ನಡೆಯಿರಿ. ಮನೆಯಿಂದ ದೂರ ಹೋದಷ್ಟೂ 5 ಸೋತು 2.4 ಉಳಿಯುತ್ತದೆ. ಬದುವಿನ ಮೇಲೆ ನಿಂತು ನಡುಮನೆಯ ಬಲ್ಬನ್ನು ಸೆಟಪ್ ಮಾಡಿದವರ ಸಂಖ್ಯೆ ಕಡಿಮೆ ಏನಲ್ಲ. ಒಮ್ಮೆ ಎಲ್ಲ ಸೇರಿದ ಮೇಲೆ, ಪಕ್ಕದ ಮನೆ ಹುಡುಗರು ವೈಫೈ ಕದಿಯುತ್ತಾರೆಂದು ಪಾಸ್‌ವರ್ಡ್ ಬದಲಾಯಿಸಿ. ಮತ್ತೆ ಬದುವಿಗೆ ನಡೆಯಿರಿ.

ಖಾತೆಗಳನ್ನು ತೆರೆಯುವಾಗ ಮನೆಯವರಿಗೆಲ್ಲ ಹಂಚಿ. ದೀಪಗಳ ಖಾತೆ ಮಗನ ನಂಬರಿನಲ್ಲಿರಲಿ, ಗೇಟಿನದು ಅಳಿಯಂದಿರ ನಂಬರಿನಲ್ಲಿ, ಕ್ಯಾಮೆರಾದ್ದು ಎಲೆಕ್ಟ್ರಿಷಿಯನ್ನಿನ ನಂಬರಿನಲ್ಲಿ, ಟ್ಯಾಂಕಿನ ಮೋಟರಿನದು ರೀಚಾರ್ಜ್ ಮಾಡಿಸದೆ ಬಿಟ್ಟ ಹಳೆ ಸಿಮ್ಮಿನಲ್ಲಿ. ಕೂಡು ಕುಟುಂಬ ಒಡೆದುಹೋಯಿತೆಂದು ಕೊರಗುವವರಿಗೆ ಇದು ಪರಿಹಾರ. ಗೇಟು ತೆರೆಯಬೇಕಾದರೆ ಒಟಿಪಿಗಾಗಿ ಅಳಿಯಂದಿರಿಗೆ ಫೋನು ಮಾಡಲೇಬೇಕು. ಹಬ್ಬಕ್ಕೆ ಕರೆಯಲಿಲ್ಲವೆಂದು ಅವರು ಮುನಿಸಿಕೊಂಡಿದ್ದರೆ ಮೊದಲು ಅದು ಇತ್ಯರ್ಥವಾಗಬೇಕು. "ಅತ್ತೆ, ಮೀಟಿಂಗಲ್ಲಿದೀನಿ, ಹತ್ತು ನಿಮಿಷ" ಎಂದು ಅವರು ಅನ್ನುವಷ್ಟರಲ್ಲಿ ಒಟಿಪಿ ಅವಧಿ ಮುಗಿದಿರುತ್ತದೆ. ಹಾಲಿನ ಡೇರಿಗೆ ಹೊರಟವರು ಕ್ಯಾನು ಹಿಡಿದು ಗೇಟಿನೊಳಗೆ ನಿಂತಿರಲಿ.

ವಿಳಾಸವನ್ನೂ ಒಂದೊಂದು ಆ್ಯಪಿನಲ್ಲಿ ಒಂದೊಂದು ಥರ ತುಂಬಿ. 2007ರವರೆಗೆ ಬೆಂಗಳೂರು ಗ್ರಾಮಾಂತರ, ಅಲ್ಲಿಂದ ರಾಮನಗರ, 2025ರಿಂದ ಬೆಂಗಳೂರು ದಕ್ಷಿಣ. ಮನೆ ಕದಲಿಲ್ಲ, ಜಿಲ್ಲೆ ಮೂರಾಯಿತು, ಮೂರನ್ನೂ ಬಳಸಿ. ಒಂದು ಆ್ಯಪಿನಲ್ಲಿ ಏನನ್ನೂ ತುಂಬದೆ, ಕಂಪನಿಯೇ ಹಾಕಿಟ್ಟ ಕ್ಯಾಲಿಫೋರ್ನಿಯಾವನ್ನು ಹಾಗೇ ಬಿಡಿ. ಸೂರ್ಯ ಮುಳುಗಿದ ಕೂಡಲೇ ಜಗಲಿಯ ದೀಪ ಹತ್ತಬೇಕೆಂದು ಅದಕ್ಕೆ ಹೇಳಿ. ಅಲ್ಲಿ ಸೂರ್ಯ ಮುಳುಗುವಾಗ ಇಲ್ಲಿ ರಾಗಿರೊಟ್ಟಿ ತಟ್ಟುವ ಹೊತ್ತು. ದೀಪ ನಿಯಮ ತಪ್ಪದೆ ಹತ್ತುತ್ತದೆ.

ಈ ಹಂತದಲ್ಲಿ ಯಾರಾದರೂ ಕಾಲೇಜು ಹುಡುಗ ಬಂದು, "ಮಾವ, ಮ್ಯಾಟರ್ ಇರೋದನ್ನ ತಗೋಬೇಕಿತ್ತು" ಎನ್ನುತ್ತಾನೆ. ಅವನ ಮಾತು ಕೇಳಿ, ಪೂರ್ತಿ ಕೇಳಬೇಡಿ. ಕಂಪನಿಗಳ ಈ ಜಗಳ ಬಗೆಹರಿಸಲು 2019ರ ಡಿಸೆಂಬರಿನಲ್ಲಿ ಅಮೆಜಾನ್, ಆಪಲ್, ಗೂಗಲ್ ಮತ್ತು ಜಿಗ್‌ಬೀ ಕೂಟದವರು ಒಟ್ಟಿಗೆ ಕೂತರು. 2021ರಲ್ಲಿ ಆ ಕೂಟ ತನ್ನ ಹೆಸರನ್ನೂ ಬದಲಾಯಿಸಿಕೊಂಡಿತು, ಹೊಸ ಒಪ್ಪಂದಕ್ಕೆ ಮ್ಯಾಟರ್ ಎಂದೂ ಹೆಸರಿಟ್ಟಿತು. 2022ರ ಅಕ್ಟೋಬರಿನಲ್ಲಿ ಮೊದಲ ಆವೃತ್ತಿ ಬಂತು. ಬಲ್ಬು, ಪ್ಲಗ್ಗು, ಬೀಗ, ಪರದೆ ಅದರಲ್ಲಿ ಸೇರಿದವು, ಕ್ಯಾಮೆರಾ ಸೇರಲಿಲ್ಲ. ಫ್ರಿಡ್ಜು, ಫ್ಯಾನು, ಕಸ ಗುಡಿಸುವ ಯಂತ್ರಕ್ಕೆ 2023ರ ಅಕ್ಟೋಬರಿನವರೆಗೆ ಕಾಯಬೇಕಾಯಿತು. ಅಂದರೆ ನೀವು ಕೊಂಡ ಸಾಮಾನು ಯಾವುದೋ, ಅದು ಮುಂದಿನ ಆವೃತ್ತಿಯಲ್ಲಿ ಸೇರುತ್ತದೆ. ಅವಸರ ಬೇಡ.

ಮ್ಯಾಟರ್ ಸಾಧನವೇ ಸಿಕ್ಕಿಬಿಟ್ಟಿದ್ದರೆ ಹೆದರಬೇಡಿ, ಅದನ್ನು ಕೆಡಿಸುವುದೂ ಸುಲಭ. ಪ್ರತಿ ಸಾಧನದ ಮೈಮೇಲೆ ಒಂದು ಕ್ಯೂಆರ್ ಚೌಕ, ಪಕ್ಕದಲ್ಲಿ 11 ಅಂಕಿಯ ಸಂಖ್ಯೆ ಇರುತ್ತದೆ. ಸಾಧನವನ್ನು ಮನೆಗೆ ಸೇರಿಸುವ ಕೀಲಿ ಅದೇ. ಆ ಚೀಟಿ ಗೋಡೆ ಕಡೆಗೆ ಬರುವಂತೆ ಸಾಧನವನ್ನು ಸ್ಕ್ರೂ ಬಿಗಿದು ಕೂರಿಸಿ, ಮೇಲೊಂದು ಕೋಟಿಂಗ್ ಬಣ್ಣ ಹೊಡೆಸಿ. ಡಬ್ಬದಲ್ಲೂ ಅದೇ ಸಂಖ್ಯೆ ಇರುವುದರಿಂದ ಡಬ್ಬವನ್ನು ನೀರೊಲೆಗೆ ಹಾಕಿ. ಥ್ರೆಡ್ ಸಾಧನವಾದರೆ ಅದನ್ನು ಮನೆಯ ನೆಟ್‌ವರ್ಕಿಗೆ ದಾಟಿಸುವ ಬಾರ್ಡರ್ ರೂಟರ್ ಎಂಬುದೊಂದು ಬೇಕು. ಅದನ್ನು ಯಾವ ಅಂಗಡಿಯಲ್ಲೂ ಅದೇ ಹೆಸರಿನಲ್ಲಿ ಕೇಳಿ ಕೊಳ್ಳಲು ಹೋಗಬೇಡಿ. ಕೆಲವು ಸ್ಪೀಕರಿನ ಹೊಟ್ಟೆಯಲ್ಲಿರುತ್ತದೆ, ಅದೇ ಕಂಪನಿಯ ಕೆಲವು ಸ್ಪೀಕರಿನಲ್ಲಿ ಇರುವುದಿಲ್ಲ. ಇಲ್ಲದ್ದನ್ನೇ ಆರಿಸಿ. ಅದರ ಬೆಲೆ ಕಡಿಮೆ.

ನಡುಮನೆಯ ಸ್ವಿಚ್ಚಿಗೂ ನಡುಮನೆಯ ದೀಪಕ್ಕೂ ಮಧ್ಯೆ ಇರುವುದು ಹತ್ತು ಅಡಿ. ಈ ಹತ್ತು ಅಡಿಯನ್ನು ನೇರವಾಗಿ ದಾಟಲು ಬಿಡಬೇಡಿ. ಆಜ್ಞೆ ಬೀರುವಿನ ರೂಟರಿಗೆ ಹೋಗಲಿ, ಅಲ್ಲಿಂದ ಕೇಬಲ್‌ನವರ ಫೈಬರ್ ಹಿಡಿದು ಎಕ್ಸ್‌ಪ್ರೆಸ್‌ವೇ ಪಕ್ಕ ಬೆಂಗಳೂರಿಗೆ ಹೋಗಲಿ, ಸ್ಪೀಕರಿನ ಕಂಪನಿಯ ಸರ್ವರಿಗೆ ಕೈಮುಗಿಯಲಿ, ಅದು ಬಲ್ಬಿನ ಕಂಪನಿಯ ಸರ್ವರಿಗೆ ಶಿಫಾರಸು ಮಾಡಲಿ, ಆಮೇಲೆ ಬಂದ ದಾರಿಯಲ್ಲೇ ವಾಪಸಾಗಲಿ. ಗೌರವಾನ್ವಿತ ಅರ್ಜಿಗಳೆಲ್ಲ ಹೀಗೇ ಓಡಾಡುವುದು. ಫೈಬರನ್ನು ತೆಂಗಿನ ಗರಿಯೊಂದು ಬಿದ್ದು ಕಿತ್ತ ದಿನ ಮನೆಯೊಳಗೆ ಕತ್ತಲೆ, ಹೊರಗೆ ಬೀದಿದೀಪ.

ದೊಡ್ಡ ಕಂಪನಿಯ ಕ್ಲೌಡು ಎಂದರೆ ಅಲ್ಲಾಡುವುದಿಲ್ಲ ಎಂಬ ನಂಬಿಕೆಯನ್ನು ಬೆಳೆಸಿಕೊಳ್ಳಿ. 2021ರ ಡಿಸೆಂಬರ್ 7ರಂದು ಅಮೆಜಾನಿನ ಕ್ಲೌಡು ಅಲ್ಲಾಡಿದಾಗ ಅಮೆರಿಕದಲ್ಲಿ ಕಸ ಗುಡಿಸುವ ಯಂತ್ರಗಳು ಗುಡಿಸಲಿಲ್ಲ, ಬಾಗಿಲ ಗಂಟೆಗಳು ದೃಶ್ಯ ತೋರಿಸಲಿಲ್ಲ. 2025ರ ಅಕ್ಟೋಬರ್ 20ರಂದು ಮತ್ತೆ ಹಾಗಾದಾಗ ಸ್ಮಾರ್ಟ್ ಹಾಸಿಗೆ ಕೊಂಡಿದ್ದವರಲ್ಲಿ ಕೆಲವರದು ಬಿಸಿಯೇರಿ ನಿಂತಿತು, ಕೆಲವರದು ತಲೆಯ ಕಡೆ ಎತ್ತಿಕೊಂಡೇ ಉಳಿಯಿತು. ಇದನ್ನೆಲ್ಲ ಓದಿ ಚಾಪೆ ಹಾಸಿಕೊಳ್ಳುವ ಯೋಚನೆ ಬಂದರೆ ತಡೆಯಿರಿ. ಸಾಧ್ಯವಾದರೆ ಮುಚ್ಚುವ ಹಂತದ ಕಂಪನಿಯ ಹಬ್ಬನ್ನೇ ಹುಡುಕಿ ಕೊಳ್ಳಿ, ರಿಯಾಯಿತಿ ಚೆನ್ನಾಗಿರುತ್ತದೆ. ರಿವಾಲ್ವ್ ಎಂಬ ಹಬ್ಬಿಗೆ ಜನ 300 ಡಾಲರ್ ಕೊಟ್ಟಿದ್ದರು. ಕಂಪನಿಯನ್ನು ನೆಸ್ಟ್ ಕೊಂಡುಕೊಂಡು 2016ರ ಮೇ 15ಕ್ಕೆ ಸರ್ವರ್ ಆರಿಸಿತು, ಹಬ್ಬು ಕಾಗದ ಹಾರದಂತೆ ಇಡುವ ಭಾರವಾಯಿತು. ಇನ್‌ಸ್ಟಿಯಾನ್ 2022ರ ಏಪ್ರಿಲಿನಲ್ಲಿ ಹೇಳದೆ ಕೇಳದೆ ಸರ್ವರ್ ನಿಲ್ಲಿಸಿತು. ಅದನ್ನು ಬಳಸುತ್ತಿದ್ದವರೇ ಒಂದಿಷ್ಟು ಜನ ಸೇರಿ ಕಂಪನಿಯ ಉಳಿಕೆಯನ್ನು ಕೊಂಡು ಮತ್ತೆ ಚಾಲೂ ಮಾಡಬೇಕಾಯಿತು. ದೀಪ ಹತ್ತಿಸಿಕೊಳ್ಳಲು ಕಂಪನಿಯನ್ನೇ ಕೊಳ್ಳುವ ಹಂತಕ್ಕೆ ನೀವು ಬಂದರೆ ಇರುವ ಸೈಟು ಮಾರಿದರೂ ಸಾಲದು ಎಂಬುದನ್ನು ಮಾತ್ರ ಗಮನದಲ್ಲಿಡಿ.

ಹೋಮ್ ಅಸಿಸ್ಟೆಂಟ್ ಎಂಬ ಉಚಿತ ತಂತ್ರಾಂಶ 2013ರಿಂದ ಇದೆ. ಮನೆಯಲ್ಲೇ ಒಂದು ಪುಟ್ಟ ಕಂಪ್ಯೂಟರಿನಲ್ಲಿ ಕೂತು ಬೇರೆ ಬೇರೆ ಕಂಪನಿಯ ನೂರಾರು ಸಾಧನಗಳನ್ನು ಒಟ್ಟಿಗೆ ನಡೆಸುತ್ತದೆ, ಇಂಟರ್‌ನೆಟ್ ಹೋದರೂ ಸಾಕಷ್ಟು ಕೆಲಸ ಸಾಗುತ್ತದೆ. ಇದನ್ನು ಹಾಕಿಸಬೇಡಿ ಎಂದು ಹೇಳಲಾರೆ. ಹಾಕಿಸಿ, ಆದರೆ ಎಂಜಿನಿಯರಿಂಗ್ ಓದಿದ ನೆರೆಮನೆಯ ಹುಡುಗನ ಕೈಯಲ್ಲಿ, ಅವನಿಗೆ ಹೈದರಾಬಾದಿನಲ್ಲಿ ಕೆಲಸ ಸಿಕ್ಕ ವಾರದಲ್ಲಿ ಹಾಕಿಸಿ. ಪಾಸ್‌ವರ್ಡು ಅವನ ತಲೆಯಲ್ಲೇ ಇರಲಿ.

ಈಗ ಮನೆಯ ಹಿರಿಯರನ್ನು ಪಳಗಿಸುವ ಕೆಲಸ. ಅಜ್ಜಿಗೆ ಐವತ್ತು ವರ್ಷದ ಅಭ್ಯಾಸ, ಕೋಣೆಯಿಂದ ಎದ್ದರೆ ಸ್ವಿಚ್ ಆರಿಸುತ್ತಾರೆ. ಸ್ಮಾರ್ಟ್ ಬಲ್ಬಿನ ಸ್ವಿಚ್ ಆರಿಸಿದರೆ ಬಲ್ಬು ಬರೀ ಆರುವುದಿಲ್ಲ, ನೆಟ್‌ವರ್ಕಿನಿಂದಲೇ ಕಾಣೆಯಾಗುತ್ತದೆ. ಜಿಗ್‌ಬೀಯಲ್ಲಿ ಕರೆಂಟಿನಿಂದ ನಡೆಯುವ ಸಾಧನಗಳು ಒಂದರ ಮಾತನ್ನು ಇನ್ನೊಂದಕ್ಕೆ ದಾಟಿಸುತ್ತವೆ, ಬ್ಯಾಟರಿಯವು ದಾಟಿಸುವುದಿಲ್ಲ. ಅಡುಗೆಮನೆಯ ಬಲ್ಬನ್ನು ಅಜ್ಜಿ ಆರಿಸಿದರೆ ಹಿತ್ತಲ ಬಾಗಿಲಿನ ಸೆನ್ಸರು ಮೂಕವಾಗುತ್ತದೆ. ಹಾಗಾಗಿ ಮನೆಯ ಸ್ವಿಚ್ಚುಗಳಿಗೆಲ್ಲ ಇನ್ಸುಲೇಷನ್ ಟೇಪ್ ಸುತ್ತಿ.

"ಸ್ವಿಚ್ ಮುಟ್ಬೇಡ ಕಣಜ್ಜಿ, ಬಾಯಲ್ಲಿ ಹೇಳಿದ್ರೆ ಸಾಕು."

"ದೀಪ ಆರ್ಸೋಕೆ ಬಾಯಿ ಯಾಕ್ಲಾ, ಕೈಗೇನಾಗದೆ?"

ಈ ಪ್ರಶ್ನೆಗೆ ಉತ್ತರ ಕೊಡಬೇಡಿ, ತರಬೇತಿ ಕೊಡಿ. ಅಮೆಜಾನಿನ ಸ್ಪೀಕರು, ಅಂದರೆ ಮಾತಿನ ಪೆಟ್ಟಿಗೆ, 2017ರಲ್ಲಿ ಭಾರತಕ್ಕೆ ಬಂದಾಗ ಇಂಗ್ಲಿಷು ಕಲಿತಿತ್ತು, 2019ರಲ್ಲಿ ಹಿಂದಿ ಕಲಿಯಿತು. ಕನ್ನಡದ ಸರದಿ ಬರುವಷ್ಟರಲ್ಲಿ ಅಜ್ಜಿಯೇ ಇಂಗ್ಲಿಷ್ ಕಲಿತುಬಿಡುವುದು ಬೇಗ ಆಗುವ ಕೆಲಸ. ನಡುಮನೆಯ ದೀಪಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿಟ್ಟು ಬಾಯಿಪಾಠ ಮಾಡಿಸಿ. ಹೆಸರು ಹೇಳುವಾಗ ಕೆಮ್ಮು ಬಂದರೆ ಪೆಟ್ಟಿಗೆ ಯಾವುದಾದರೂ ಹಾಡು ಹಾಕುತ್ತದೆ, ಅದೂ ಲಾಭವೇ.

ರಾತ್ರಿ ಕರೆಂಟು ಹೋಗಿ ಬರುವುದು ಈ ಸೀಮೆಯ ಧರ್ಮ. ಬಹಳಷ್ಟು ಸ್ಮಾರ್ಟ್ ಬಲ್ಬುಗಳಿಗೆ ಕಂಪನಿ ಹೇಳಿಕೊಟ್ಟಿರುವುದು ಒಂದೇ: ಕರೆಂಟು ಬಂದ ಕೂಡಲೇ ಪೂರ್ತಿ ಬೆಳಕಿನಲ್ಲಿ ಹತ್ತಿಕೋ. ಆ್ಯಪಿನಲ್ಲಿ ಇದನ್ನು ಬದಲಾಯಿಸುವ ಆಯ್ಕೆ ಇರುತ್ತದೆ, ಹುಡುಕಬೇಡಿ. ರಾತ್ರಿ ಎರಡು ಗಂಟೆಗೆ ಕರೆಂಟು ಬಂದಾಗ ಮನೆ ತುಂಬ ಬೆಳಕಾಗಿ ಕೋಳಿ ಕೂಗಲಿ, ಕೊಟ್ಟಿಗೆಯಲ್ಲಿ ಹಸು ಎದ್ದು ನಿಲ್ಲಲಿ, ಬೀದಿಯವರಿಗೆಲ್ಲ ಕರೆಂಟು ಬಂದ ಸುದ್ದಿ ತಲುಪಲಿ. ಇದೇ ಗಳಿಗೆಯಲ್ಲಿ ಹಬ್ಬು, ರೂಟರು, ಬಲ್ಬು ಒಟ್ಟಿಗೆ ಏಳುತ್ತವೆ. ರೂಟರು ಮೈಮುರಿದು ಏಳುವ ಮುಂಚೆಯೇ ಉಳಿದವು ಅದನ್ನು ಕೂಗಿ ಕೂಗಿ, ಉತ್ತರ ಸಿಗದೆ, ಕೆಲವು ಮುನಿಸಿಕೊಂಡು ಕೂರುತ್ತವೆ. ರೂಟರನ್ನು ಯುಪಿಎಸ್ಸಿಗೆ ಸೇರಿಸಿದರೆ ಈ ತೊಂದರೆ ಇರದು. ಯುಪಿಎಸ್ಸನ್ನು ಟಿವಿಗೆ ಮೀಸಲಿಡಿ.

ಕ್ಯಾಮೆರಾ ವಿಷಯ ಎರಡು ಮಾತಿನಲ್ಲಿ ಮುಗಿಸೋಣ. ಮನುಷ್ಯ, ವಾಹನ, ಸಾಕುಪ್ರಾಣಿ, ಪಾರ್ಸಲ್ಲು ಎಂದು ಅದು ಲೋಕವನ್ನು ನಾಲ್ಕು ಜಾತಿಯಾಗಿ ವಿಂಗಡಿಸುತ್ತದೆ. ಆನೆಗೆ ಜಾಗವಿಲ್ಲ. ತೋಟಕ್ಕೆ ಆನೆ ನುಗ್ಗುವ ತಾಲ್ಲೂಕಿನಲ್ಲಿ ಕೂತು ಆ ಪಟ್ಟಿಯನ್ನು ತಿದ್ದುವುದು ನಮ್ಮಿಂದಾಗದು. ಆನೆಯನ್ನು ವಾಹನದಲ್ಲಿ ಸೇರಿಸಿ, ವಾಹನ ಬಂದರೆ ಗೇಟು ತಾನಾಗಿ ತೆರೆಯಬೇಕೆಂದು ನಿಯಮ ಬರೆಯಿರಿ. ಗೇಟಾದರೂ ಉಳಿಯುತ್ತದೆ.

ಹುಳುಮನೆಗೆ ಬನ್ನಿ. ನಿಮ್ಮ ಜಾಣತನಕ್ಕೆ ನಿಜವಾದ ಅಖಾಡ ಇದೇ. ಚಾಕಿ ಹುಳುವಿಗೆ 27, 28 ಡಿಗ್ರಿ ಶಾಖ, 85ರ ಮೇಲೆ ತೇವಾಂಶ ಬೇಕು. ದೊಡ್ಡ ಹುಳುವಿಗೆ 24, 25 ಡಿಗ್ರಿ, 70ರ ಆಸುಪಾಸು. ಇಷ್ಟನ್ನು ಗೋಡೆಯ ಥರ್ಮಾಮೀಟರು, ಗೋಣಿ ತಾಟು, ಎರಡು ಬಿಂದಿಗೆ ನೀರು ಇಟ್ಟುಕೊಂಡು ಮನೆಯ ಹೆಂಗಸರು ಮೂಗು ಮುಖದಲ್ಲೇ ಅಳೆದು ಸಂಭಾಳಿಸುತ್ತ ಬಂದಿದ್ದಾರೆ. ನಿಲ್ಲಿಸಿ. ಒಂದು ಕಂಪನಿಯ ತೇವಾಂಶದ ಸೆನ್ಸರಿಗೆ ಫಾಗರ್ ಕಟ್ಟಿ: ತೇವ 70ಕ್ಕಿಂತ ಇಳಿದರೆ ಮಂಜು ಬಿಡು. ಇನ್ನೊಂದು ಕಂಪನಿಯ ಸೆನ್ಸರಿಗೆ ಎಕ್ಸಾಸ್ಟ್ ಫ್ಯಾನು ಕಟ್ಟಿ: ತೇವ 70ಕ್ಕಿಂತ ಏರಿದರೆ ಗಾಳಿ ಹೊರಗೆ ತಳ್ಳು. ಎರಡೂ ಬೇರೆ ಬೇರೆ ಆ್ಯಪು, ಒಂದಕ್ಕೆ ಇನ್ನೊಂದು ಇರುವುದೇ ಗೊತ್ತಿಲ್ಲ. ಒಂದು ಸೆನ್ಸರನ್ನು ಕಿಟಕಿಯ ಹತ್ತಿರ, ಇನ್ನೊಂದನ್ನು ಸೊಪ್ಪಿನ ರಾಶಿಯ ಹತ್ತಿರ ತೂಗುಹಾಕಿ. ರಾತ್ರಿಯಿಡೀ ಫಾಗರ್ ಮಂಜು ಬಿಡುತ್ತದೆ, ಫ್ಯಾನು ಅದನ್ನು ಹೊಲಕ್ಕೆ ಕಳಿಸುತ್ತದೆ. ಬೆಂಗಳೂರಿನಲ್ಲಿ ಕೂತ ಮಗ ತನ್ನ ಫೋನಿನಲ್ಲಿ ಎರಡು ಗೆರೆಗಳನ್ನು ನೋಡಿ, "ಅಪ್ಪಾ, ಎಲ್ಲಾ ನಾರ್ಮಲ್" ಎನ್ನುತ್ತಾನೆ. ನಂಬಿ.

ಹುಳು ಜ್ವರಕ್ಕೆ ಕೂರುವುದು, ಅಂದರೆ ಪೊರೆ ಕಳಚುವುದು, ನಾಲ್ಕು ಸಲ. ಆಗ ಸೊಪ್ಪು ಹಾಕುವಂತಿಲ್ಲ, ಹಾಸಿಗೆ ಒಣಗಿರಬೇಕು, ಗಾಳಿ ಆಡಬೇಕು. ಜ್ವರ ಎಂಬ ಆಯ್ಕೆ ಯಾವ ಆ್ಯಪಿನಲ್ಲೂ ಇಲ್ಲ. ರಜೆ ಎಂಬುದಿದೆ, ಸಿನಿಮಾ ರಾತ್ರಿ ಎಂಬುದಿದೆ, ಪಾರ್ಟಿ ಎಂಬುದೂ ಇದೆ. ಹತ್ತಿರವೆನಿಸಿದ್ದನ್ನು ಒತ್ತಿ. ಪಾರ್ಟಿ ಒತ್ತಿದರೆ ಹುಳುಮನೆಯ ದೀಪ ಕೆಂಪು, ಹಸಿರು, ನೀಲಿಯಾಗಿ ತಿರುಗುತ್ತದೆ. ಜ್ವರದಲ್ಲಿದ್ದವರಿಗೆ ಸ್ವಲ್ಪ ಮನರಂಜನೆ ಸಿಗಲಿ.

ಇಲ್ಲೊಂದು ಮುಖ್ಯ ಸಲಹೆ. ಸೊಳ್ಳೆ ಓಡಿಸುವ ಲಿಕ್ವಿಡ್ ಮಷಿನ್ನನ್ನು ಸ್ಮಾರ್ಟ್ ಪ್ಲಗ್ಗಿಗೆ ಹಾಕಿ, ಸಂಜೆ ಆರಕ್ಕೆ ತಾನಾಗಿ ಚಾಲೂ ಆಗುವಂತೆ ಮಾಡಿ. ಆಮೇಲೆ ಪ್ಲಗ್ಗುಗಳಿಗೆ ಹೆಸರಿಡುವಾಗ ಪ್ಲಗ್ ಒಂದು, ಪ್ಲಗ್ ಎರಡು ಎಂದಷ್ಟೇ ಇಡಿ, ಯಾವುದು ಯಾವ ಕೋಣೆಯದು ಎಂದು ಬರೆದಿಡಬೇಡಿ. ಒಂದು ದಿನ ಮಲಗುವ ಕೋಣೆಯ ಪ್ಲಗ್ಗೂ ಹುಳುಮನೆಯ ಪ್ಲಗ್ಗೂ ಅದಲುಬದಲಾಗುತ್ತವೆ. ಸೊಳ್ಳೆ ಕೊಲ್ಲುವ ಆ ಔಷಧ ರೇಷ್ಮೆ ಹುಳುವಿಗೂ ಚುರುಕಾಗಿಯೇ ತಾಗುತ್ತದೆ. ಬೆಳಗ್ಗೆ ಸೊಪ್ಪು ಹಾಕಲು ಹೋದವರು ಹುಳುಮನೆಯ ಬಾಗಿಲಲ್ಲೇ ಕುಸಿದು ಕೂರುತ್ತಾರೆ. ಆ ಬೆಳೆಗೆ ಗೂಡು ಕಟ್ಟಿಸುವ ಚಂದ್ರಿಕೆ ಬಾಡಿಗೆಗೆ ತರುವ ಖರ್ಚಿಲ್ಲ, ರಾಮನಗರದ ಮಾರುಕಟ್ಟೆಗೆ ಗೂಡು ಸಾಗಿಸುವ ಟೆಂಪೋ ಖರ್ಚಿಲ್ಲ, ಹರಾಜಿನಲ್ಲಿ ರೇಟು ಬಿತ್ತೆಂಬ ಚಿಂತೆಯೂ ಇಲ್ಲ. ಆ್ಯಪಿನಲ್ಲಿ ಅಂದು ಕೂಡ ಎಲ್ಲಾ ನಾರ್ಮಲ್.

ತೋಟದ ಬೋರ್‌ವೆಲ್ಲಿನಲ್ಲಿ ಒಂದು ಅಪಾಯಕಾರಿ ವಸ್ತು ಇದ್ದೀತು, ನೋಡಿಕೊಳ್ಳಿ. ಮೊಬೈಲ್ ಸ್ಟಾರ್ಟರ್ ಎನ್ನುತ್ತಾರೆ. ಒಂದು ಸಿಮ್ಮು ಹಾಕಿದ ಡಬ್ಬ. ಮೂರು ಫೇಸ್ ಬಂದರೆ ತಿಳಿಸುತ್ತದೆ, ಫೋನು ಮಾಡಿದರೆ ಮೋಟರ್ ಹಾಕುತ್ತದೆ, ನೀರಿಲ್ಲದೆ ಒಣ ಓಡಿದರೆ ನಿಲ್ಲಿಸುತ್ತದೆ. ವೈಫೈ ಕೇಳುವುದಿಲ್ಲ, ಕ್ಲೌಡು ಕೇಳುವುದಿಲ್ಲ, ಯಾವ ಕಂಪನಿಯ ಫೋನಾದರೂ ಆದೀತು, ಬಟನ್ ಫೋನೂ ಆದೀತು. ಅಕ್ಷರ ಬಾರದವರೂ ರಾತ್ರಿ ಹನ್ನೊಂದಕ್ಕೆ ಹಾಸಿಗೆಯಲ್ಲೇ ಮಲಗಿ ತೆಂಗಿಗೆ ನೀರು ಬಿಡುತ್ತಾರೆ. ಕೂಡಲೇ ತೆಗೆಸಿ. ಇದೊಂದು ಇದ್ದರೆ ಉಳಿದ ಸಾಧನಗಳ ಬಗ್ಗೆ ಮನೆಯವರು ಪ್ರಶ್ನೆ ಕೇಳಲು ಶುರುಮಾಡುತ್ತಾರೆ.

ಅದರ ಜಾಗದಲ್ಲಿ, ಕರೆಂಟು ಬಂದ ತಕ್ಷಣ ತಾನೇ ಮೋಟರ್ ಹಾಕುವ ಆಟೊ ಸ್ಟಾರ್ಟರ್ ಕೂರಿಸಿ. ಹಾಕಬೇಡಿ ಎಂದು ವಿದ್ಯುತ್ ಕಂಪನಿಯವರು ಹೇಳುತ್ತಲೇ ಇರುತ್ತಾರೆ, ಹೇಳಲಿ. ಮೋಟರು ಏಳುವ ಗಳಿಗೆಯಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ನಿಮ್ಮದನ್ನು ನೋಡಿ ಅಕ್ಕಪಕ್ಕದ ತೋಟದವರೂ ಹಾಕಿಸಿದರೆ, ಮೂರು ಫೇಸ್ ಬಂದ ಕ್ಷಣ ಅಷ್ಟೂ ಮೋಟರು ಒಟ್ಟಿಗೆ ಎದ್ದು ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಬೇರೆ ಬೇರೆ ಕಂಪನಿಯ ಸಾಧನಗಳು ಒಗ್ಗಟ್ಟಾಗಿ ಕೆಲಸ ಮಾಡಿದ್ದಕ್ಕೆ ತಾಲ್ಲೂಕಿನಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ತೋರಿಸಲಾಗದು.

ಮನೆಯ ಸಂಪಿಗೆ ಪಂಚಾಯ್ತಿ ನೀರು ಬರುವುದು ನೀರುಗಂಟಿ ವಾಲ್ವ್ ತಿರುಗಿಸಿದಾಗ. ಅವನು ತಿರುಗಿಸುವುದು ಯಾವಾಗ ಎಂಬುದಕ್ಕೆ ಆ್ಯಪಿಲ್ಲ. ಸಂಪಿನಲ್ಲಿ ಸೆನ್ಸರ್ ಇಡಿ, ಟ್ಯಾಂಕಿನಲ್ಲಿ ಸೆನ್ಸರ್ ಇಡಿ, ನಡುವೆ ಮೋಟರಿಗೆ ನಿಯಮ ಬರೆಯಿರಿ, ಆಮೇಲೆ ಎಂದಿನಂತೆ ಬೀದಿಯ ಹೆಂಗಸರನ್ನು ಕೇಳಿ: "ನೀರು ಬಂತೇನಕ್ಕಾ?"

ಖರ್ಚಿನ ಲೆಕ್ಕವೂ ಇರಲಿ. ಸುಮ್ಮನೆ ಕಾಯುತ್ತ ಕೂತ ಸಾಧನ ಒಂದಕ್ಕೆ ಒಂದೂವರೆ ವ್ಯಾಟ್ ಎಂದು ಹಿಡಿಯಿರಿ. ಮೂವತ್ತು ಸಾಧನ ಹಗಲೂ ರಾತ್ರಿ ಕಾದರೆ ತಿಂಗಳಿಗೆ ಸುಮಾರು 32 ಯೂನಿಟ್. 2023ರ ಆಗಸ್ಟಿನಿಂದ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು ಪಡೆಯುತ್ತಿದ್ದ ಮನೆ ಈ ಕಾಯುವಿಕೆಯಿಂದಲೇ ತನ್ನ ಮಿತಿ ದಾಟುತ್ತದೆ. ಮಿತಿ ದಾಟಿದ್ದಕ್ಕೆ ಮಾತ್ರ ಬಿಲ್ಲು ಬಂದರೆ ಅಲ್ಲಿಗೆ ನಿಲ್ಲಬೇಡಿ. ಮಗನ ಕೋಣೆಯ ಏಸಿಯನ್ನು ಅವನು ಬೆಂಗಳೂರಿನಿಂದ ಹೊರಡುವಾಗಲೇ ಫೋನಿನಲ್ಲಿ ಆನ್ ಮಾಡಲಿ, ಬಿಡದಿಯಲ್ಲಿ ಟ್ರಾಫಿಕ್ ಸಿಕ್ಕು ಮೂರು ಗಂಟೆ ತಡವಾಗಲಿ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. ಮನೆ ಎಷ್ಟು ಉಳಿತಾಯ ಮಾಡಿತು ಎಂದು ತೋರಿಸುವ ಹಸಿರು ಎಲೆಯ ಚಿತ್ರವೊಂದು ಆ್ಯಪಿನಲ್ಲಿರುತ್ತದೆ. ಅದನ್ನು ಮೀಟರ್ ರೀಡರಿಗೆ ತೋರಿಸಿ.

ಕೊನೆಗೆ ಪ್ರದರ್ಶನ. ಗೃಹಪ್ರವೇಶಕ್ಕೆ ಬಂದ ಬೀಗರು ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, "ಏನೋ ಸ್ಮಾರ್ಟು ಅಂತಿದ್ರಲ್ಲ, ತೋರ್ಸಿ ನೋಡನ" ಎಂದು ಕೂರುತ್ತಾರೆ. ಸಾಧನಗಳನ್ನು ನಂಬಿ ಮಾನ ಕಳೆದುಕೊಳ್ಳಬೇಡಿ. ನಡುಮನೆಯ ಸ್ವಿಚ್ ಬೋರ್ಡಿನಿಂದ ಒಂದು ವೈರು ಎಳೆಸಿ, ಒಳಗಿನ ಕೋಣೆಯ ಬಾಗಿಲ ಹಿಂದೆ ಇನ್ನೊಂದು ಸಾದಾ ಬೋರ್ಡು ಕೂರಿಸಿ. ಸಂಬಂಧದಲ್ಲಿ ಏಳೆಂಟನೇ ಕ್ಲಾಸಿನ ಚುರುಕು ಹುಡುಗನೊಬ್ಬನನ್ನು ಆರಿಸಿ, ಎರಡು ಒಬ್ಬಟ್ಟು ಕೈಗೆ ಕೊಟ್ಟು ಅಲ್ಲಿ ನಿಲ್ಲಿಸಿ. ನೀವು ಇತ್ತ ಪೆಟ್ಟಿಗೆಯ ಕಡೆ ತಿರುಗಿ ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಆಜ್ಞೆ ಮಾಡಿ, ಅವನು ಅತ್ತ ಸ್ವಿಚ್ ಒತ್ತಲಿ. ಹಿಂದಿನ ದಿನವೇ ಚೆನ್ನಾಗಿ ಅಭ್ಯಾಸ ಮಾಡಿಸಿ. ಮಾತು ಮುಗಿದ ಕೂಡಲೇ ಒತ್ತಬಾರದು, ಮೂರು ಎಣಿಸಿ ಒತ್ತಬೇಕು. ಐದು ಸಲಕ್ಕೆ ಒಂದು ಸಲ ಫ್ಯಾನಿನ ಬದಲು ದೀಪ ಹಾಕಬೇಕು. ಒಮ್ಮೆಯಾದರೂ ಏನನ್ನೂ ಒತ್ತದೆ ಸುಮ್ಮನಿರಬೇಕು. ಎಲ್ಲವೂ ಹೇಳಿದ ತಕ್ಷಣ ಸರಿಯಾಗಿ ಆಗಿಬಿಟ್ಟರೆ ಬೀಗರ ಕಡೆಯ ಸಾಫ್ಟ್‌ವೇರ್ ಹುಡುಗನಿಗೆ ಅನುಮಾನ ಬರುತ್ತದೆ, ಎದ್ದು ಬಾಗಿಲ ಹಿಂದೆ ಇಣುಕುತ್ತಾನೆ.